ಅಕ್ಷರ ಅಕ್ಷರವನ್ನೂ ಓದುವ ಅಂಗಡಿ: ವಿದೇಶಕ್ಕೆ ಹೊರಟವರ ದಾಖಲೆಗಳಿಗೆ ಶಿವಮೊಗ್ಗದ ಒಂದು ಆಸರೆ

ಶಿವಮೊಗ್ಗದ ಕೋರ್ಟಿಗೆ ಸಮೀಪದ ಅಡ್ಡರಸ್ತೆಯೊಂದರಲ್ಲಿರುವ ಈ ಅಂಗಡಿಯ ಫಲಕದಲ್ಲಿ ಹೆಸರೇ ಇಲ್ಲ. ‘ಜೆರಾಕ್ಸ್, ಡಿಟಿಪಿ, ಅನುವಾದ, ಲ್ಯಾಮಿನೇಶನ್’ ಎಂದಷ್ಟೇ ಬರೆದಿದೆ. ನಮ್ಮ ಮನೆಯವರಿಗೆ ನೆದರ್ಲೆಂಡ್ಸ್‌ನ ಐಂಡ್‌ಹೋವನ್ ನಗರದಲ್ಲಿ ಕೆಲಸ ಸಿಕ್ಕಿ, ಮನೆ ಖಾಲಿ ಮಾಡುವ ಗಡಿಬಿಡಿಯ ನಡುವೆಯೇ ದಾಖಲೆಗಳನ್ನು ಸಿದ್ಧಪಡಿಸಬೇಕಾಗಿ ಬಂದ ಕಳೆದ ಮಳೆಗಾಲದಲ್ಲಿ ನಾನು ಇಲ್ಲಿಗೆ ಏಳು ಬಾರಿ ಹೋಗಿದ್ದೇನೆ. ಪಾತ್ರೆ ಪಗಡಗಳನ್ನು ಯಾರಿಗೆ ಕೊಡುವುದು, ಅಜ್ಜಿಯ ಕಾಲದ ಕಬ್ಬಿಣದ ಕಾವಲಿಯನ್ನು ಒಯ್ಯುವುದೋ ಬಿಡುವುದೋ ಎಂಬ ಪ್ರಶ್ನೆಗಳು ಹೇಗೋ ಬಗೆಹರಿದವು. ನಿದ್ದೆ ಕೆಡಿಸಿದ್ದು ಎರಡು ಹಾಳೆಗಳು: ನನ್ನ ಜನನ ಪ್ರಮಾಣಪತ್ರ ಮತ್ತು ನಮ್ಮ ವಿವಾಹ ನೋಂದಣಿ ಪತ್ರ.

ಈ ಎರಡಕ್ಕೂ ಅಪೊಸ್ಟೀಲ್ ಮುದ್ರೆ, ಅಂದರೆ ನಮ್ಮ ದೇಶದ ದಾಖಲೆಯನ್ನು ಬೇರೆ ದೇಶದವರು ಒಪ್ಪಲು ಬೇಕಾದ ಸರ್ಕಾರಿ ದೃಢೀಕರಣ, ಬೇಕು. ಅದರ ಜೊತೆಗೆ ಡಚ್, ಇಂಗ್ಲಿಷ್, ಫ್ರೆಂಚ್ ಅಥವಾ ಜರ್ಮನ್ ಭಾಷೆಯಲ್ಲಿಲ್ಲದ ದಾಖಲೆಗೆ ಅವುಗಳಲ್ಲಿ ಒಂದಕ್ಕೆ ಅನುವಾದವೂ ಬೇಕು. ಭಾರತದಲ್ಲಿ 2005ರಿಂದ ಜಾರಿಯಲ್ಲಿರುವ ಅಪೊಸ್ಟೀಲ್ ಒಪ್ಪಂದದ ಪ್ರಕಾರ, ರಾಜ್ಯದ ಇಲಾಖೆಯ ದೃಢೀಕರಣವಾದ ಮೇಲೆ ವಿದೇಶಾಂಗ ಸಚಿವಾಲಯವು ದಾಖಲೆಗೆ ಒಂದು ಚೀಟಿಯನ್ನು ಅಂಟಿಸಿಕೊಡುತ್ತದೆ. ಸರ್ಕಾರಿ ಶುಲ್ಕ ದಾಖಲೆಯೊಂದಕ್ಕೆ 50 ರೂಪಾಯಿಯಾದರೂ, 2012ರಿಂದ ಸಚಿವಾಲಯವು ಅರ್ಜಿಗಳನ್ನು ನೇರವಾಗಿ ಸ್ವೀಕರಿಸದೆ ನಿಯೋಜಿತ ಏಜೆನ್ಸಿಗಳ ಮೂಲಕವೇ ಪಡೆಯುವುದರಿಂದ ಅವರ ಸೇವಾಶುಲ್ಕವೂ ಸೇರುತ್ತದೆ. ಇಲ್ಲಿ ಬಹಳ ಜನ ಎಡವುವ ಸಂಗತಿಯೊಂದಿದೆ. ಅಪೊಸ್ಟೀಲ್ ದೃಢೀಕರಿಸುವುದು ದಾಖಲೆಯ ಮೇಲಿನ ಸಹಿ, ಮೊಹರು ಮತ್ತು ಸಹಿ ಹಾಕಿದ ಅಧಿಕಾರಿಯ ಹುದ್ದೆಯನ್ನು ಮಾತ್ರ; ಒಳಗೆ ಬರೆದಿರುವುದು ಸರಿಯೇ ಎಂದು ಅದು ನೋಡುವುದಿಲ್ಲ. ಹೀಗಾಗಿ ಹೆಸರಿನ ತಪ್ಪು ಎಲ್ಲ ಕಚೇರಿಗಳನ್ನೂ ಸಲೀಸಾಗಿ ದಾಟಿ ಹೋಗಿ, ಕೊನೆಗೆ ಸಾವಿರಾರು ಮೈಲಿ ದೂರದ ಪುರಸಭೆಯ ಕಿಟಕಿಯ ಮುಂದೆ ನಿಂತಾಗ ಹೊರಬೀಳುತ್ತದೆ. ಅದಕ್ಕಾಗಿಯೇ, ಕಾಗದ ಬೆಂಗಳೂರಿಗೆ ಹೋಗುವ ಮೊದಲು ಯಾರಾದರೂ ಅದನ್ನು ನಿಜವಾಗಿ ಓದಬೇಕು. ಈ ಅಂಗಡಿಯವರು ಓದುತ್ತಾರೆ.

ಮೊದಲು ನಾನು ಬೆಂಗಳೂರಿನ ಒಬ್ಬ ಏಜೆಂಟರಿಂದ ಅನುವಾದ ಮಾಡಿಸಿಕೊಂಡಿದ್ದೆ. ನನ್ನ ಜನನ ಪ್ರಮಾಣಪತ್ರ ಕನ್ನಡದಲ್ಲಿ ಕೈಯಲ್ಲಿ ಬರೆದದ್ದು. ತಾಯಿಯ ಹೆಸರಿನ ಮುಂದೆ ‘ಕೋಂ’ ಎಂದು ಬರೆದು ಅಪ್ಪನ ಹೆಸರನ್ನು ಸೇರಿಸಿದ್ದಾರೆ. ನಮ್ಮ ಕಂದಾಯ ದಾಖಲೆಗಳನ್ನು ನೋಡಿದವರಿಗೆಲ್ಲ ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ ಎಂದು ಗೊತ್ತು. ಆ ಅನುವಾದದಲ್ಲಿ ಮಾತ್ರ ‘ಕೋಂ’ ಎಂಬುದು ಅಮ್ಮನ ಹೆಸರಿನ ನಡುವಿನ ಭಾಗವಾಗಿಬಿಟ್ಟಿತ್ತು. ವಿಳಾಸದಲ್ಲಿದ್ದ ‘ಆಗುಂಬೆ ಹೋಬಳಿ’ ಆಗುಂಬೆ ಹಳ್ಳಿಯಾಗಿತ್ತು. ನಾನು ಅದನ್ನು ಎರಡು ಸಲ ಓದಿಯೂ ಗಮನಿಸಿರಲಿಲ್ಲ.

ಅಂಗಡಿಯ ಅಕ್ಕ ಗಮನಿಸಿದರು. ಅವರ ಕ್ರಮವನ್ನು ಪಕ್ಕದ ಸ್ಟೂಲಿನಲ್ಲಿ ಕುಳಿತು ನೋಡಿದ್ದೇನೆ. ಎಡಗಡೆ ಪಾಸ್‌ಪೋರ್ಟು, ನಡುವೆ ಮೂಲ ದಾಖಲೆ, ಬಲಗಡೆ ಅನುವಾದದ ಕರಡು. ಮೂಲದ ಸಾಲಿನ ಕೆಳಗೆ ಒಂದು ಸ್ಟೀಲ್ ಸ್ಕೇಲನ್ನು ಇಟ್ಟು, ಒಂದೊಂದೇ ಅಕ್ಷರವನ್ನು ತುಟಿಯಲ್ಲೇ ಹೇಳಿಕೊಳ್ಳುತ್ತ, ತಾಳೆಯಾಗದ ಕಡೆ ಕರಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಚುಕ್ಕೆ ಇಡುತ್ತಾರೆ. ನನ್ನ ಕರಡಿನ ಮೇಲೆ ಒಂಬತ್ತು ಚುಕ್ಕೆಗಳು ಬಿದ್ದವು. “ಕನ್ನಡದಲ್ಲಿ ‘ಲಕ್ಷ್ಮಿ’ ಅಂತ ಒಂದೇ ಥರ ಬರೀತೀವಿ. ಇಂಗ್ಲಿಷಿಗೆ ಹೋದ ಕೂಡ್ಲೆ ಒಬ್ಬರು ಎಕ್ಸ್ ಹಾಕ್ತಾರೆ, ಇನ್ನೊಬ್ಬರು ಕೆಎಸ್‌ಎಚ್ ಹಾಕ್ತಾರೆ. ನಿಮ್ಮ ಪಾಸ್‌ಪೋರ್ಟಿನ ಹಿಂದಿನ ಪುಟದಲ್ಲಿ ಅಮ್ಮನ ಹೆಸರು ಹೇಗಿದೆಯೋ ಹಾಗೇ ಇರ್ಬೇಕು ಮೇಡಂ” ಎಂದರು.

ಊರಿನ ಹೆಸರೂ ಸುಲಭದ್ದಾಗಿರಲಿಲ್ಲ. ಕನ್ನಡದಲ್ಲಿ ನಮ್ಮೂರು ಮೊದಲಿನಿಂದಲೂ ಶಿವಮೊಗ್ಗವೇ; ಇಂಗ್ಲಿಷಿನಲ್ಲಿ ‘ಶಿಮೊಗ’ ಹೋಗಿ ‘ಶಿವಮೊಗ್ಗ’ ಬಂದದ್ದು 2014ರ ನವೆಂಬರ್ 1ರಂದು. ನನ್ನ ಪಾಸ್‌ಪೋರ್ಟಿನಲ್ಲಿ ಜನ್ಮಸ್ಥಳ ಹಳೆಯ ಸ್ಪೆಲ್ಲಿಂಗಿನಲ್ಲಿದೆ, ಇಂಗ್ಲಿಷಿನಲ್ಲೇ ಇರುವ ವಿವಾಹ ನೋಂದಣಿ ಪತ್ರದಲ್ಲಿ ಹೊಸದರಲ್ಲಿದೆ. ನಮಗೆ ಎರಡೂ ಒಂದೇ ಊರು, ಆದರೆ ದೂರದ ಅಧಿಕಾರಿಗೆ ಎರಡು ಊರುಗಳಾಗಿ ಕಾಣಬಹುದು. ಅಕ್ಕ ಅನುವಾದದ ಅಡಿಯಲ್ಲಿ, ಹೆಸರು ಬದಲಾದ ದಿನಾಂಕದೊಂದಿಗೆ, ಅನುವಾದಕರ ಟಿಪ್ಪಣಿಯೆಂದು ಎರಡು ಸಾಲು ಸೇರಿಸಿದರು. ‘ಹೋಬಳಿ’ಯನ್ನು ಹಾಗೆಯೇ ಉಳಿಸಿಕೊಂಡು, ಅದು ತಾಲ್ಲೂಕಿನೊಳಗಿನ ಕಂದಾಯ ವಿಭಾಗವೆಂದು ಅಲ್ಲೇ ವಿವರಿಸಿದರು. ದಿನಾಂಕಗಳಲ್ಲಿ ತಿಂಗಳನ್ನು ಅಂಕಿಯ ಬದಲು ಅಕ್ಷರದಲ್ಲಿ ಬರೆದರು. ಮೂಲದಲ್ಲಿಯೇ ಇರುವ ತಪ್ಪನ್ನು ಮಾತ್ರ ಅನುವಾದದಲ್ಲಿ ತಿದ್ದಿ ಕೊಡುವುದಿಲ್ಲ. ನನ್ನ ಮುಂದೆಯೇ ಒಬ್ಬರು ಹುಟ್ಟಿದ ವರ್ಷವನ್ನು ಸರಿಮಾಡಿ ಟೈಪ್ ಮಾಡಲು ಕೇಳಿದಾಗ, ಅದನ್ನು ನೋಂದಣಾಧಿಕಾರಿಗಳ ಬಳಿಯೇ ಸರಿಪಡಿಸಿಕೊಂಡು ಬನ್ನಿ ಎಂದು ಕಾಗದವನ್ನು ಹಿಂದಿರುಗಿಸಿದರು. ಅವರ ಮೇಲೆ ನನಗೆ ಪೂರ್ಣ ವಿಶ್ವಾಸ ಹುಟ್ಟಿದ್ದು ಆ ಗಳಿಗೆಯಲ್ಲಿ.

ಲ್ಯಾಮಿನೇಶನ್ ಇವರ ಆದಾಯದ ಒಂದು ಭಾಗ. ಆದರೂ ವಿದೇಶಕ್ಕೆ ಹೋಗುವ ದಾಖಲೆ ಎಂದು ತಿಳಿದರೆ ಅದನ್ನು ಯಂತ್ರಕ್ಕೆ ಹಾಕಲು ಒಪ್ಪುವುದಿಲ್ಲ, ಏಕೆಂದರೆ ಪ್ಲಾಸ್ಟಿಕ್ ಹೊದಿಸಿದ ಕಾಗದದ ಮೇಲೆ ಮುದ್ರೆ ಒತ್ತಲಾಗುವುದಿಲ್ಲ. ನಮ್ಮ ವಿವಾಹ ನೋಂದಣಿ ಪತ್ರವನ್ನು ಅಪ್ಪ ಮನೆಗೆ ತಂದ ದಿನವೇ ಲ್ಯಾಮಿನೇಶನ್ ಮಾಡಿಸಿ, ಗಾದ್ರೆಜ್ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಜೋಪಾನ ಮಾಡಿದ್ದರು. ಅದನ್ನು ಬಿಡಿಸಲು ಹೋಗಿ ಹರಿದುಕೊಳ್ಳಬೇಡಿ, ಉಪನೋಂದಣಾಧಿಕಾರಿಗಳ ಕಚೇರಿಯಿಂದ ದೃಢೀಕೃತ ಪ್ರತಿ ಪಡೆಯಿರಿ, ಒಂದರ ಬದಲು ಎರಡನ್ನು ತೆಗೆದುಕೊಳ್ಳಿ ಎಂದು ಅಕ್ಕ ಹೇಳಿದ್ದರಿಂದ ಅಪ್ಪನ ಪ್ರತಿ ಬೀರುವಿನಲ್ಲೇ ಉಳಿಯಿತು.

ಕೊರತೆಗಳನ್ನೂ ಹೇಳಬೇಕು. ಓದುವವರು ಅಕ್ಕ ಒಬ್ಬರೇ. ಅವರಿಲ್ಲದ ದಿನ ಟೈಪ್ ಮಾಡುವ ಹುಡುಗ ಕೊಡುವ ಪ್ರತಿಗೆ ಅದೇ ಭರವಸೆ ಇಲ್ಲ. ನನ್ನ ಒಂದು ಪುಟದಲ್ಲಿ ದುಂಡು ಮೊಹರಿನೊಳಗಿನ ಕನ್ನಡ ಅಕ್ಷರಗಳ ಅನುವಾದವೇ ಬಿಟ್ಟುಹೋಗಿತ್ತು. ತೋರಿಸಿದ ಮೇಲೆ ಹಣ ಪಡೆಯದೆ ಹೊಸದಾಗಿ ಮಾಡಿಕೊಟ್ಟರು, ಆದರೆ ಎರಡು ದಿನ ಹೋಯಿತು. ದರಪಟ್ಟಿ ತೂಗುಹಾಕಿಲ್ಲ. ನನಗೆ ಪುಟಕ್ಕೆ 300 ರೂಪಾಯಿ ಬಿದ್ದಿತು. ಆ ದುಡಿಮೆಗೆ ಅದು ಹೆಚ್ಚಲ್ಲ, ಆದರೂ ಮೊದಲೇ ತಿಳಿಯುವಂತಿರಬೇಕು. ಆಷಾಢದ ಮಳೆಯಲ್ಲಿ ಕರೆಂಟು ಹೋದರೆ ಕೆಲಸ ನಿಲ್ಲುತ್ತದೆ, ಯುಪಿಎಸ್ ಇಲ್ಲ. ಒದ್ದೆ ಕೊಡೆಗಳನ್ನು ಇಡಲು ಜಾಗವಿಲ್ಲದೆ ಕಾಗದಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಲ್ಲಬೇಕಾಗುತ್ತದೆ. ಅಪೊಸ್ಟೀಲ್ ಕೆಲಸವನ್ನು ಇವರು ವಹಿಸಿಕೊಳ್ಳುವುದಿಲ್ಲ.

ಯುಎಇಯಂತಹ, ಅಪೊಸ್ಟೀಲ್ ಒಪ್ಪಂದಕ್ಕೆ ಸೇರದ ದೇಶಕ್ಕೆ ಹೋಗುವವರು ರಾಯಭಾರ ಕಚೇರಿಯ ದೃಢೀಕರಣದ ಕ್ರಮವನ್ನು ಬೇರೆಡೆ ವಿಚಾರಿಸಿಕೊಳ್ಳಬೇಕು. ಅನುವಾದಕ್ಕೆ ಮಾತ್ರ ಇಲ್ಲಿಗೆ ಬರಬಹುದು. ಬರುವವರು ಬೆಳಿಗ್ಗೆ ಹನ್ನೊಂದರೊಳಗೆ ಬಂದು, ಅಕ್ಕ ಇದ್ದಾರೆಯೇ ಎಂದು ನೋಡಿಕೊಂಡೇ ಕಾಗದ ಕೊಡಿ. ಮೂಲ ಪ್ರತಿಯ ಜೊತೆಗೆ ಪಾಸ್‌ಪೋರ್ಟನ್ನು ತಪ್ಪದೆ ತನ್ನಿ. ಅವರು ಮೊದಲು ಕೈಚಾಚಿ ಕೇಳುವುದು ಅದನ್ನೇ, ಮತ್ತು ಮೊದಲು ತೆರೆಯುವುದು ಅದರ ಕೊನೆಯ ಪುಟವನ್ನು.