ಗ್ರೀಫ್‌ಶೇರ್‌ನಲ್ಲಿ 13 ವಾರ: ಇವರ ಹೆಸರು ಬಾಯಿಬಿಟ್ಟು ಹೇಳಿದ್ದು

ಮೊದಲೇ ಹೇಳಿಬಿಡುತ್ತೇನೆ, ತಮ್ಮವರನ್ನು ಕಳೆದುಕೊಂಡವರ ಈ ಗುಂಪಿಗೆ 5ಕ್ಕೆ 4 ಕೊಡುತ್ತೇನೆ. ಆ ಒಂದನ್ನು ಯಾಕೆ ಹಿಡಿದುಕೊಂಡೆ ಅಂತ ಆಮೇಲೆ ಬರೆಯುತ್ತೇನೆ.

ನಾನು ಧಾರವಾಡದವಳು. ನಮ್ಮದು ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತ ಸಭೆಯಲ್ಲಿರುವ ಮನೆತನ, ಈಗ ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ. ನಮ್ಮ ಯಜಮಾನರು ತೀರಿಕೊಂಡು ಐದು ತಿಂಗಳಾಗಿತ್ತು. ಮಗ, "ಅವ್ವಾ, ಸ್ವಲ್ಪ ದಿನ ಇಲ್ಲಿ ಬಂದಿರು" ಅಂತ ಹಟ ಹಿಡಿದು ಅಮೆರಿಕಕ್ಕೆ ಕರೆಸಿಕೊಂಡ. ಅವನಿರುವುದು ನಾರ್ತ್ ಕೆರೊಲಿನಾದ ಕೇರಿ ಅನ್ನೋ ಊರಲ್ಲಿ. ಹೆಸರು ಕೇಳಿ ನಗು ಬಂದಿತ್ತು, ಊರಿಗೆ ಊರೇ ಒಂದು ಕೇರಿ! ಅಲ್ಲಿ ಹೋದರೂ ನನ್ನ ತಲೆ ಮಾತ್ರ ಧಾರವಾಡದ ಗಡಿಯಾರದಲ್ಲೇ ಇತ್ತು. ಮಧ್ಯಾಹ್ನ ಆಗುತ್ತಿದ್ದಂತೆ, ಈಗ ಊರಲ್ಲಿ ರಾತ್ರಿ, ಇವರು ಬಿಪಿ ಮಾತ್ರೆ ತಗೊಂಡರೋ ಇಲ್ಲವೋ ಅಂತ ಲೆಕ್ಕ ಹಾಕಿಬಿಡುತ್ತಿದ್ದೆ. ಹಾಕಿ ಮುಗಿದ ಮೇಲೆ ನೆನಪಾಗುತ್ತಿತ್ತು.

ಇದನ್ನು ಗಮನಿಸಿದವಳು ಸೊಸೆ. ಗ್ರೀಫ್‌ಶೇರ್ ವೆಬ್‌ಸೈಟಿನಲ್ಲಿ ಮನೆಯ ಪಿನ್ ಕೋಡ್ ಹಾಕಿದರೆ ಹತ್ತಿರದ ಯಾವ ಚರ್ಚಿನಲ್ಲಿ, ಯಾವ ವಾರ, ಎಷ್ಟು ಹೊತ್ತಿಗೆ ಗುಂಪು ಸೇರುತ್ತದೆ ಅಂತ ತೋರಿಸುತ್ತದೆ. ಅವಳೇ ಹುಡುಕಿ ಹೆಸರು ಬರೆಸಿದಳು. ನಾನು "ಬೇಡವ್ವ, ನನಗೆ ಇಂಗ್ಲಿಷಿನಲ್ಲಿ ಅಳೋಕೆ ಬರಲ್ಲ" ಅಂದೆ. ಒಂದು ವಾರ ನೋಡಿ, ಬೇಡ ಅನ್ನಿಸಿದರೆ ಬಿಡಿ ಅಂದಳು.

ಗೊತ್ತಿಲ್ಲದವರಿಗೆ: ಗ್ರೀಫ್‌ಶೇರ್ ಅಂದರೆ ತಮ್ಮವರನ್ನು ಕಳೆದುಕೊಂಡವರಿಗೆ ಚರ್ಚುಗಳಲ್ಲಿ ನಡೆಯುವ ಗುಂಪು. ಚರ್ಚ್ ಇನಿಷಿಯೇಟಿವ್ ಅನ್ನೋ ಸಂಸ್ಥೆ ಇದನ್ನು 1998ರಲ್ಲಿ ಶುರು ಮಾಡಿದ್ದು, ಅದರ ಕಚೇರಿ ಇರುವುದೂ ಅದೇ ನಾರ್ತ್ ಕೆರೊಲಿನಾದ ವೇಕ್ ಫಾರೆಸ್ಟ್‌ನಲ್ಲಿ. 13 ವಾರ, ವಾರಕ್ಕೊಂದು ದಿನ. ಮೊದಲು ಒಂದು ವಿಡಿಯೊ, ಅದರಲ್ಲಿ ಕಳೆದುಕೊಂಡವರೂ ಮಾತಾಡುತ್ತಾರೆ, ಸಲಹೆಗಾರರು, ಪಾಸ್ಟರುಗಳೂ ಮಾತಾಡುತ್ತಾರೆ. ಆಮೇಲೆ ಕುರ್ಚಿ ಸುತ್ತ ಹಾಕಿಕೊಂಡು ಮಾತು. ಮನೆಗೆ ಒಂದು ಪುಸ್ತಕ, ದಿನಾ ಓದಿ ಬರೆಯೋದಕ್ಕೆ. ಯಾವ ವಾರ ಬೇಕಾದರೂ ಸೇರಬಹುದು, ತಪ್ಪಿದ ವಾರಗಳನ್ನು ಮುಂದಿನ ಸುತ್ತಿನಲ್ಲಿ ಕೂತು ಮುಗಿಸಬಹುದು. ಕ್ರೈಸ್ತರೇ ಆಗಿರಬೇಕು ಅಂತಿಲ್ಲ, ಆದರೆ ಒಳಗಿರುವುದೆಲ್ಲ ಬೈಬಲ್ಲೇ. ನಾನು ಹೋದ ಕಡೆ ಪುಸ್ತಕದ ದುಡ್ಡು ಬಿಟ್ಟು ಬೇರೇನೂ ಕೇಳಲಿಲ್ಲ.

ಮೊದಲ ದಿನವೇ ಸಿಕ್ಕಿಬಿದ್ದೆ. ಎಲ್ಲರೂ ತಮ್ಮ ಹೆಸರು, ಕಳೆದುಕೊಂಡವರ ಹೆಸರು ಹೇಳಬೇಕಿತ್ತು. ಅಷ್ಟೇ. ಬೇರೆಯವರಿಗೆ ಅದು ಸುಲಭ. ನನಗೆ? 31 ವರ್ಷದ ಸಂಸಾರದಲ್ಲಿ ನಾನು ಇವರ ಹೆಸರು ಹಿಡಿದು ಕರೆದವಳಲ್ಲ. "ಇವರು", "ಏನ್ರೀ", ಮಗನ ಮುಂದೆ "ನಿಮ್ಮಪ್ಪ". ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಹೆಸರು ಕೇಳಿದರೆ ಬರೆದು ತೋರಿಸುತ್ತಿದ್ದೆ, ಇಲ್ಲ ಪಕ್ಕದಲ್ಲಿದ್ದವರು ಹೇಳುತ್ತಿದ್ದರು. ನನ್ನ ಸರದಿ ಬಂತು, ಬಾಯಿ ಬರಲಿಲ್ಲ. ಗುಂಪು ನಡೆಸುವವರು ತಮ್ಮ ಹೆಂಡತಿಯನ್ನು ಕಳೆದುಕೊಂಡ ಹಿರಿಯರು. ಅವರು ಮುಂದಿನವರ ಕಡೆ ತಿರುಗಲೂ ಇಲ್ಲ, "ಪರವಾಗಿಲ್ಲ" ಅಂತಲೂ ಅನ್ನಲಿಲ್ಲ, ಸುಮ್ನೆ ಕಾದರು. ಹತ್ತು ಜನ ಕಾದರು. ಆಮೇಲೆ ಹೇಳಿದೆ. ಗುರುತಿಲ್ಲದ ಹತ್ತು ಜನರ ಮುಂದೆ, ಇವರಿಲ್ಲದ ಮೇಲೆ, ಮೊದಲ ಸಲ.

ಇನ್ನೊಂದು ತೊಡಕು ಎದುರಾಗುತ್ತೆ ಅಂತ ನಾನು ಅಂದುಕೊಂಡೇ ಇರಲಿಲ್ಲ. ಇಂಗ್ಲಿಷಿನಲ್ಲಿ "ಹಿ" ಅನ್ನಬೇಕಲ್ವಾ. ಪ್ರತಿ ಸಲ ಅಂದಾಗಲೂ ಇವರನ್ನು ಏಕವಚನದಲ್ಲಿ ಕರೆದ ಹಾಗೆ ಅನ್ನಿಸಿ ನಾಲಿಗೆ ತಡವರಿಸುತ್ತಿತ್ತು. ಒಂದು ಸಲ "ದೇ" ಅಂದುಬಿಟ್ಟೆ, ಪಕ್ಕದಲ್ಲಿದ್ದವರು ಪಾಪ, ನನಗೆ ಇಬ್ಬರು ತೀರಿಕೊಂಡಿದ್ದಾರೆ ಅಂದುಕೊಂಡರು.

ಅಲ್ಲಿ ನನಗೆ ಹಿಡಿಸಿದ್ದು ಏನು ಅಂದರೆ, ಯಾರೂ ನನ್ನನ್ನು ಅವಸರ ಮಾಡಲಿಲ್ಲ. ಊರಲ್ಲಿ ನಮ್ಮ ಸಭೆಯವರು ಒಳ್ಳೆಯವರೇ, ಒಂದು ವಾರ ನಮ್ಮ ಮನೆಯಲ್ಲಿ ಒಲೆ ಹಚ್ಚೋಕೆ ಬಿಡಲಿಲ್ಲ, ಚಪಾತಿ ಪಲ್ಯ ತಂದು ತಂದು ಇಟ್ಟರು, ಆದರೆ ಬಂದವರೆಲ್ಲ ಏನಾದರೂ ಹೇಳಲೇಬೇಕು ಅಂತ ಹೇಳಿದರು. ದೇವರ ಚಿತ್ತ. ಒಳ್ಳೆಯವರನ್ನು ದೇವರು ಬೇಗ ಕರ್ಕೊಳ್ತಾನೆ. ಅಳಬಾರದು, ನಮಗೆ ಪುನರುತ್ಥಾನದ ನಿರೀಕ್ಷೆ ಇದೆ. ಇದೆಯಪ್ಪ, ನಾನೂ ನಂಬುತ್ತೇನೆ. ಸತ್ತ ಗೆಳೆಯ ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಯೇಸು ಅತ್ತನಲ್ಲ, ಅದನ್ನು ಯಾಕೆ ಯಾರೂ ನನಗೆ ಹೇಳಲಿಲ್ಲ? ಬೈಬಲ್ಲಿನಲ್ಲಿ ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಮಿತ್ರರು ಕೂಡ ಮೊದಲ ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಬಾಯಿಬಿಡದೆ ಕೂತಿದ್ದರು. ಬಾಯಿ ತೆರೆದ ಮೇಲೇ ಕೆಟ್ಟಿದ್ದು.

ಉಂಗುರದ ವಿಷಯ ಬಂದ ವಾರ ನನಗೆ ಮರೆಯೋದಿಲ್ಲ. ಹಾಕಿಕೊಂಡಿರಬೇಕಾ, ತೆಗೆಯಬೇಕಾ? ಒಬ್ಬರು ಸರದಲ್ಲಿ ಪೋಣಿಸಿಕೊಂಡಿದ್ದರು, ಒಬ್ಬರು ಪೆಟ್ಟಿಗೆಯಲ್ಲಿಟ್ಟಿದ್ದರು, ಒಬ್ಬ ಗಂಡಸು ತನ್ನದರ ಜೊತೆ ಹೆಂಡತಿಯದನ್ನೂ ಕಿರುಬೆರಳಿಗೆ ಹಾಕಿಕೊಂಡಿದ್ದ. ಇದು ಸರಿ ಇದು ತಪ್ಪು ಅಂತ ಯಾರೂ ಅನ್ನಲಿಲ್ಲ. ನಾನು ಸೆರಗಿನೊಳಗಿಂದ ಕರಿಮಣಿ ತೆಗೆದು ತೋರಿಸಿದೆ. ಊರಲ್ಲಿ ಒಬ್ಬ ಹೆಂಗಸು "ಇನ್ನೂ ಹಾಕ್ಕೊಂಡೀರಲ್ಲ" ಅಂದಿದ್ದಳು, ಅವತ್ತಿನಿಂದ ಒಳಗೆ ಮುಚ್ಚಿಟ್ಟುಕೊಂಡಿದ್ದೆ. ಈಗ ಹೊರಗೇ ಇದೆ.

ಇನ್ನು ಆ ಒಂದು ಅಂಕ. ಒಂದು ವಾರ ನಡೆಸುವವರು ಬರಲಿಲ್ಲ, ಅವರ ಬದಲು ಬೇರೊಬ್ಬರು ಬಂದು ಮುಕ್ಕಾಲು ಗಂಟೆ ಒಬ್ಬರೇ ಪ್ರಸಂಗ ಮಾಡಿದರು, ನಮ್ಮಲ್ಲಿ ಒಬ್ಬರಿಗೂ ಮಾತಾಡೋಕೆ ಹೊತ್ತು ಸಿಗಲಿಲ್ಲ. ಅವತ್ತು ನಾನು ಧಾರವಾಡಕ್ಕೇ ವಾಪಸು ಬಂದ ಹಾಗಿತ್ತು. ಅಂದರೆ ಇದೆಲ್ಲ ನಡೆಸುವವರ ಮೇಲೆ ನಿಂತಿದೆ, ವಿಡಿಯೊ ಎಷ್ಟು ಚೆನ್ನಾಗಿದ್ದರೂ. ರೂಮಿನಲ್ಲಿ ಎಸಿ ಚಳಿ ಬೇರೆ, ಶಾಲು ಇಲ್ಲದೆ ಹೋಗಬೇಡಿ. ಕಾರಿಲ್ಲದೆ ಅಲ್ಲಿಗೆ ಹೋಗೋಕಾಗಲ್ಲ, ಪ್ರತಿ ವಾರ ಮಗ ಆಫೀಸಿನಿಂದ ಓಡಿ ಬರಬೇಕಾಗುತ್ತಿತ್ತು.

ಆಮೇಲೆ, ಇದು ಅಲ್ಲಿನವರಿಗಾಗಿ ಮಾಡಿದ್ದು. ನಮ್ಮ ಬದುಕು ಅದರಲ್ಲಿ ಇರೋಕೆ ಹೇಗೆ ಸಾಧ್ಯ? ನಾಮಿನಿ ಯಾರು, ಪೆನ್ಶನ್ ಯಾವಾಗ, ಮನೆ ಯಾರ ಹೆಸರಿಗೆ ಅನ್ನುವ ಜಗ್ಗಾಟ ನಮ್ಮಲ್ಲಿ ದುಃಖದ ಜೊತೆಗೇ ಬರುತ್ತೆ. ನನಗೆ ಒಬ್ಬ ಸಂಬಂಧಿ, ಇನ್ನು ಎಲ್ಲ ಮಗನದೇ ಅಂದುಬಿಟ್ಟಿದ್ದರು. ಹಾಗಿಲ್ಲ. ನಮ್ಮ ದೇಶದ ಕ್ರೈಸ್ತರಿಗೆ 1925ರ ಉತ್ತರಾಧಿಕಾರ ಕಾಯ್ದೆ ಇದೆ. ಗಂಡ ಉಯಿಲು ಬರೆಯದೆ ಹೋದರೆ, ಮಕ್ಕಳಿದ್ದಾಗ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದ ಎರಡು ಮಕ್ಕಳಿಗೆ. ಇದನ್ನು ನಮ್ಮ ಚರ್ಚುಗಳಲ್ಲಿ ಯಾರಾದರೂ ಕೂತು ಹೇಳಬಾರದಾ?

ಒಂದು ಎಚ್ಚರಿಕೆ. ಇದು ಜೊತೆಗೆ ಕೂರುವ ಗುಂಪು, ಚಿಕಿತ್ಸೆ ಅಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ನಾನೂ ಹೋಗಿಬಿಡಲಾ ಅನ್ನಿಸುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. ಪ್ರಾರ್ಥನೆ ಸಾಲದೆ ಹೋಯಿತಾ ಅಂತ ಯಾರಾದರೂ ಕೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಧಾರವಾಡದಲ್ಲೇ ಡಿಮ್ಹಾನ್ಸ್ ಅನ್ನೋ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅಮೆರಿಕದಲ್ಲಿದ್ದವರಿಗೆ 988.

13 ವಾರ ಜಾಸ್ತಿ ಅನ್ನಿಸಿದರೆ, ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡವರಿಗೇ ಅಂತ ಒಂದೇ ದಿನದ ಎರಡು ಗಂಟೆಯ ಕೂಟವೂ ಅವರದಿದೆ. ಕ್ರಿಸ್‌ಮಸ್ ಹತ್ತಿರ ಬಂದಾಗ ಹೇಗಪ್ಪ ಅನ್ನುವವರಿಗೆ ಹಬ್ಬಕ್ಕೆ ಮುಂಚೆ ಇನ್ನೊಂದು. ಹೋಗೋಕೇ ಆಗದವರು ಇಮೇಲ್ ಕೊಟ್ಟರೆ ವರ್ಷವಿಡೀ ದಿನಾ ಒಂದು ಪುಟ್ಟ ಓದು ಕಳಿಸುತ್ತಾರೆ. ನನಗೆ ಅದು ಬರುತ್ತಿದೆ. ಕೆಲವು ದಿನ ಓದುತ್ತೇನೆ, ಕೆಲವು ದಿನ ತೆರೆಯುವುದೂ ಇಲ್ಲ.

ಪುಸ್ತಕದಲ್ಲಿ ಉತ್ತರಗಳನ್ನೆಲ್ಲ ಕನ್ನಡದಲ್ಲೇ ಬರೆದೆ. ಒಂದು ದಿನ ನಡೆಸುವವರು ನೋಡಿ, ಅಕ್ಷರ ಎಷ್ಟು ದುಂಡಗಿದೆ, ಏನು ಬರೆದಿದ್ದೀರಿ ಅಂತ ಕೇಳಿದರು. ಇವರ ಮೇಲೆ ಈಗಲೂ ಯಾವ ಸಿಟ್ಟಿದೆ ಅನ್ನುವ ಪ್ರಶ್ನೆ ಅದು. ಡಾಕ್ಟರು ಬೇಡ ಅಂದಿದ್ದರೂ ಕದ್ದು ಉಪ್ಪಿನಕಾಯಿ ತಿಂದಿದ್ದಕ್ಕೆ ಅಂತ ಬರೆದಿದ್ದೆ. ಓದಿ ಹೇಳಿದೆ. ಅವರಿಗೆ ನಗು ತಡೆಯಲಿಲ್ಲ, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

ಈಗ ಧಾರವಾಡಕ್ಕೆ ವಾಪಸು ಬಂದಿದ್ದೇನೆ. ನಮ್ಮ ಓಣಿಯಲ್ಲೇ ಇನ್ನೊಬ್ಬರಿದ್ದಾರೆ, ನನಗಿಂತ ದೊಡ್ಡವರು, ಯಜಮಾನರು ಹೋಗಿ ಎರಡು ವರ್ಷ. ಗುರುವಾರ ಸಂಜೆ ಅವರ ಮನೆಗೆ ಹೋಗುತ್ತೇನೆ. ವಿಡಿಯೊ ಇಲ್ಲ, ಪುಸ್ತಕವೂ ಇಲ್ಲ, ಚಹಾ ಅಷ್ಟೇ. ಮೊದಲ ಗುರುವಾರ "ಅಕ್ಕಾರ, ನಿಮ್ಮ ಯಜಮಾನರ ಹೆಸರೇನ್ರಿ?" ಅಂತ ಕೇಳಿದೆ. ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು, ಹೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಮುಂದಿನ ವಾರ ಚಹಾ ಸೋಸುತ್ತಾ, ನನ್ನ ಕಡೆ ತಿರುಗದೆ, ಹೇಳಿದರು.