ಕೋಟಿಂಗ್ ಒಂದೇ, ಹದ ಬೇರೆ: ಪಂಚ್‌ಗಳ ಹೋಲಿಕೆ

ಕೋಟಿಂಗ್ ಹಾಕಿಸಿದ ಪಂಚ್ (ಶೀಟ್‌ಗೆ ತೂತು ಹೊಡೆಯುವ ಉಪಕರಣ) ಬೇಗ ಹೋದರೆ ಎಲ್ಲರೂ ಬೈಯುವುದು ಕೋಟಿಂಗ್ ಮಾಡಿದವರನ್ನು. ನನಗೆ ಅನುಮಾನವಿದ್ದದ್ದು ಅದರ ಕೆಳಗಿರುವ ಉಕ್ಕಿನ ಮೇಲೆ. ಹಾಗಾಗಿ ಒಂದೇ ಅಳತೆಯ ಪಂಚ್‌ಗಳನ್ನು ಬೇರೆ ಬೇರೆ ರೀತಿ ಹದ ಮಾಡಿಸಿದೆ. ಎಲ್ಲಕ್ಕೂ ಒಂದೇ ಬ್ಯಾಚ್‌ನಲ್ಲಿ ಟೈಟೇನಿಯಂ ನೈಟ್ರೈಡ್ ಪಿವಿಡಿ ಕೋಟಿಂಗ್ (ನಿರ್ವಾತ ಚೇಂಬರ್‌ನಲ್ಲಿ ಲೋಹವನ್ನು ಆವಿ ಮಾಡಿ ಕೂರಿಸುವ ತೆಳು, ಗಟ್ಟಿ ಪದರ) ಹಾಕಿಸಿ, ಸ್ಟೇನ್‌ಲೆಸ್ ಶೀಟ್‌ಗೆ ತೂತು ಹೊಡೆದು ನೋಡಿದೆ.

ಮೊದಲನೆಯದು ಡಿ2 ಎಂಬ ಟೂಲ್ ಸ್ಟೀಲ್, 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಟೆಂಪರ್ ಮಾಡಿದ್ದು, ಅಂದರೆ ಗಡಸು ಮಾಡಿದ ಮೇಲೆ ಮತ್ತೆ ಕಾಯಿಸಿ ಹದಕ್ಕೆ ತಂದದ್ದು. ಗಡಸುತನ 61 ಎಚ್‌ಆರ್‌ಸಿ (ರಾಕ್‌ವೆಲ್ ಸಿ ಮಾಪಕ; ಅಂಕಿ ಹೆಚ್ಚಿದಷ್ಟೂ ಗಡಸು). ಎರಡನೆಯದೂ ಡಿ2, ಆದರೆ 520 ಡಿಗ್ರಿಯಲ್ಲಿ ಎರಡು ಸಲ ಟೆಂಪರ್ ಆದದ್ದು. ಅದು 59. ಅಂಕಿ ನೋಡಿದರೆ ಮೊದಲನೆಯದೇ ಮೇಲು, ಅಲ್ವಾ?

ಆದರೆ ಕೋಟಿಂಗ್ ಚೇಂಬರ್ ಒಳಗೆ 450 ಡಿಗ್ರಿ ಆಸುಪಾಸಿನ ಕಾವು. 200ರಲ್ಲಿ ಟೆಂಪರ್ ಆದ ಉಕ್ಕಿಗೆ ಅದು ಇನ್ನೊಂದು ಟೆಂಪರಿಂಗೇ ಸರಿ. ಹೊರಗೆ ಬಂದಾಗ ಅದು 57ಕ್ಕೆ ಇಳಿದಿತ್ತು, ಅಳತೆಯೂ ಸ್ವಲ್ಪ ಸರಿದಿತ್ತು. 520ರದ್ದು ಹೋದ ಹಾಗೇ ವಾಪಸ್ ಬಂತು. ಅದು ಈ ಕಾವನ್ನು ಮೊದಲೇ ದಾಟಿ ಬಂದಿದೆ, ಹೊಸದಾಗಿ ಬದಲಾಗುವುದು ಏನೂ ಉಳಿದಿಲ್ಲ.

ವ್ಯತ್ಯಾಸ ಕಣ್ಣಿಗೇ ಕಾಣಬೇಕೆಂದರೆ ರಾಕ್‌ವೆಲ್ ಮೆಷಿನ್‌ನಲ್ಲಿ 150 ಕಿಲೋ ಭಾರ ಹಾಕಿ ಒತ್ತಿ, ಆ ಗುಳಿಯ ಅಂಚನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಬೇಕು. 520ರ ಪಂಚ್‌ನಲ್ಲಿ ಗುಳಿಯ ಸುತ್ತ ಕೂದಲೆಳೆಯ ಬಿರುಕುಗಳಷ್ಟೇ ಇದ್ದವು. ಇನ್ನೊಂದರಲ್ಲಿ ಚಿನ್ನದ ಬಣ್ಣದ ಪದರ ಚಕ್ಕೆ ಚಕ್ಕೆಯಾಗಿ ಎದ್ದು, ಕೆಳಗಿನ ಬೂದು ಉಕ್ಕು ಕಾಣುತ್ತಿತ್ತು. ಕೋಟಿಂಗ್ ದಪ್ಪ ಬರೀ 3 ಮೈಕ್ರಾನ್. ಮೆತ್ತನೆ ಹಾಸಿಗೆ ಮೇಲೆ ಗಾಜು ಇಟ್ಟು ಕಾಲಿಟ್ಟ ಹಾಗೆ: ಕೆಳಗಿನದು ಕುಸಿದರೆ ಮೇಲಿನದು ಎಷ್ಟು ಗಟ್ಟಿಯಿದ್ದರೂ ಒಡೆಯುತ್ತದೆ. ಪ್ರೆಸ್ ಮೇಲೂ ಹಾಗೇ ಆಯಿತು. 200ರ ಪಂಚ್‌ನಲ್ಲಿ ಬರ್ (ತೂತಿನ ಅಂಚಿನಲ್ಲಿ ಏಳುವ ಚೂಪು ಮುಳ್ಳು) ಬೇಗ ಶುರುವಾಯಿತು. 520ರದ್ದು ಬಹಳ ಮುಂದೆ ಹೋಯಿತು.

ಮೂರನೆಯದು ಎಂ2 ಹೈಸ್ಪೀಡ್ ಸ್ಟೀಲ್, 560 ಡಿಗ್ರಿಯಲ್ಲಿ ಮೂರು ಸಲ ಟೆಂಪರ್. 64 ಎಚ್‌ಆರ್‌ಸಿ, ಕೋಟಿಂಗ್ ಆದಮೇಲೂ ಅಷ್ಟೇ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ಡಿ2ನಲ್ಲಿ ಕ್ರೋಮಿಯಂ ಕಾರ್ಬೈಡ್‌ನ ದಪ್ಪ ಕಣಗಳಿರುತ್ತವೆ, ಚೂಪು ಅಂಚು ಅಲ್ಲೇ ಸಣ್ಣಗೆ ಕಿತ್ತು ಬರುತ್ತದೆ. ಎಂ2ನಲ್ಲಿ ಕಣ ಸಣ್ಣ, ಅಂಚು ಜಾಸ್ತಿ ಹೊತ್ತು ನಿಲ್ಲುತ್ತದೆ. ದುಡ್ಡು ಜಾಸ್ತಿ, ನಿಜ. ಮೆತ್ತನೆ ಶೀಟ್‌ಗೆ 520ರ ಡಿ2 ಧಾರಾಳ ಸಾಕು. ಸ್ಟೇನ್‌ಲೆಸ್‌ಗೆ ನಾನು ಎಂ2 ಬಿಟ್ಟು ಬೇರೆ ಹಾಕಿಸುವುದಿಲ್ಲ.

ಇವಲ್ಲದೆ ಬೇರೆ ಒಂದು ಡಿ2 ಪಂಚ್‌ಗೆ ಸಿವಿಡಿಯನ್ನೂ (ಬಿಸಿ ಅನಿಲಗಳ ರಾಸಾಯನಿಕ ಕ್ರಿಯೆಯಿಂದ ಕೂರಿಸುವ ಕೋಟಿಂಗ್) ಹಾಕಿಸಿದೆ. ಅಂಟು ಅದ್ಭುತ. ಆದರೆ ಅಲ್ಲಿ 1000 ಡಿಗ್ರಿ ಕಾವು, ಮೊದಲಿನ ಹದವೆಲ್ಲ ಹೋಗುತ್ತದೆ. ಮತ್ತೆ ವ್ಯಾಕ್ಯೂಮ್‌ನಲ್ಲಿ ಹಾರ್ಡನಿಂಗ್ ಮಾಡಲೇಬೇಕು. ಆಗ ಅಳತೆ ಸರಿದರೆ ಗ್ರೈಂಡ್ ಮಾಡುವ ಹಾಗಿಲ್ಲ, ಕೋಟಿಂಗೇ ಹೋಗಿಬಿಡುತ್ತದೆ. ಬಿಗಿ ಅಳತೆಯ ಪಂಚ್‌ಗೆ ಬೇಡ. ಅಳತೆಯಲ್ಲಿ ಸ್ವಲ್ಪ ಸಡಿಲ ನಡೆಯುವ ಫಾರ್ಮಿಂಗ್ ಡೈಗೆ (ಶೀಟ್‌ಗೆ ಆಕಾರ ಕೊಡುವ ಅಚ್ಚು) ಹಾಕಿಸಬಹುದು.

ಪಿವಿಡಿಗೆ ಕೊಡುವ ಮೊದಲು ಚೇಂಬರ್ ಕಾವು ಎಷ್ಟೆಂದು ಕೇಳಿಕೊಳ್ಳಿ. ಹೀಟ್ ಟ್ರೀಟ್‌ಮೆಂಟ್‌ನವರಿಗೆ ಎಚ್‌ಆರ್‌ಸಿ ಒಂದನ್ನೇ ಬರೆದುಕೊಡಬೇಡಿ. ಟೆಂಪರಿಂಗ್ ಡಿಗ್ರಿಯನ್ನೂ, ಎಷ್ಟು ಸಲ ಎಂಬುದನ್ನೂ ಬರೆಯಿರಿ.