ಹಳೇ 16 ಚಾನಲ್ ಮಿಕ್ಸರ್, 4 ವರ್ಷದ ಬಳಕೆ: ಭೀಮನಿಗೆ ಸರಿ, ದ್ರೌಪದಿಗೆ ಕರಕರ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 28,000 ರೂಪಾಯಿ ಕೊಟ್ಟು ತಂದ ಸೆಕೆಂಡ್ ಹ್ಯಾಂಡ್ ಅನಲಾಗ್ ಮಿಕ್ಸರ್ ಇದು, ಅಂದರೆ ನಾಟಕದ ಮೈಕುಗಳ ಸದ್ದನ್ನೆಲ್ಲ ಬೆರೆಸುವ ಯಂತ್ರ; ಒಂದೊಂದು ಮೈಕಿಗೆ ಒಂದೊಂದು ಚಾನಲ್. ಕಂಪನಿ ಹೆಸರು ಬೇಡ. ನಾನು ಹೇಳುವ ತೊಂದರೆ ಇಂಥ ಹಳೇ ಯಾವ ಮಿಕ್ಸರ್‌ಗೆ ಬೇಕಾದರೂ ಬರುತ್ತದೆ.

ನಮ್ಮದು ತುಮಕೂರು ಜಿಲ್ಲೆಯ ಗುಬ್ಬಿ ಕಡೆ. ಇಲ್ಲಿ ಪೌರಾಣಿಕ ನಾಟಕ ರಾತ್ರಿ ಶುರುವಾದರೆ ಬೆಳಗಾಗುವವರೆಗೂ ನಡೆಯುತ್ತದೆ, ಅಷ್ಟು ಹೊತ್ತೂ ಮಿಕ್ಸರ್ ಆನ್‌ನಲ್ಲೇ ಇರಬೇಕು. ಮೊದಲ ವರ್ಷ ಒಂದು ದೂರೂ ಇರಲಿಲ್ಲ. ಎರಡನೇ ವರ್ಷ 5ನೇ ಚಾನಲ್‌ನಲ್ಲಿ ಧ್ವನಿ ಒಡೆಯೋಕೆ ಶುರುವಾಯಿತು. ಒಂದು ಸಲ ಚೆನ್ನಾಗಿರುತ್ತೆ, ಇನ್ನೊಂದು ಸಲ ಕರಕರ, ಮಧ್ಯೆ ಪೂರ್ತಿ ಮಾಯ.

ರಿಪೇರಿಗೆ ಕೊಟ್ಟೆ. ಫೇಡರ್ (ಸದ್ದು ಏರಿಸಿ ಇಳಿಸುವ ಜಾರುಗುಂಡಿ) ಬದಲಿಸಿ, ಪವರ್ ಸಪ್ಲೈನ ಕೆಪಾಸಿಟರ್ ಹೊಸದು ಹಾಕಿ 3,500 ತೆಗೆದುಕೊಂಡರು. ಕೆಪಾಸಿಟರ್ ಬದಲಿಸಿದ್ದು ತಪ್ಪಲ್ಲ. ಅದು ಒಣಗಿದ್ದರೆ 100 ಹರ್ಟ್ಸ್ ಗುಂಯ್ ಸದ್ದು ಎಲ್ಲ ಚಾನಲ್‌ನಲ್ಲೂ ಕೇಳುತ್ತೆ. ಆದರೆ ನನಗಿದ್ದದ್ದು ಒಂದೇ ಚಾನಲ್‌ನ ತೊಂದರೆ ಅಲ್ವಾ? ಮುಂದಿನ ನಾಟಕದಲ್ಲಿ ಮತ್ತೆ ಅದೇ ಕರಕರ. ಆಗ ನನಗೆ ಬಂದ ಸಿಟ್ಟು ಹೇಳತೀರದು.

ದಾರಿ ತೋರಿಸಿದ್ದು ನಮ್ಮ ಹಾರ್ಮೋನಿಯಂ ಮೇಷ್ಟ್ರು. "ಏನಪ್ಪಾ, ಭೀಮ ಕೂಗಿದ್ರೆ ಗಂಟೆ ಥರ ಕೇಳುತ್ತೆ, ದ್ರೌಪದಿ ಅಳೋವಾಗ್ಲೇ ನಿನ್ ಮೈಕು ಕೆಡುತ್ತಲ್ಲ" ಅಂದರು. ಇಬ್ಬರೂ ಒಂದೇ ಮೈಕಿನ ಮುಂದೆ ನಿಂತವರು. ಓವರ್‌ಲೋಡ್ ಆಗಿ ಒಡೆಯುವುದಾದರೆ ಜೋರು ದನಿಯೇ ಮೊದಲು ಒಡೆಯಬೇಕು. ಇಲ್ಲಿ ಉಲ್ಟಾ.

ಮಾರನೇ ದಿನ ಮನೆಯಲ್ಲಿ ಕೂತೆ. ಮೈಕು, ಕೇಬಲ್ಲು ಎರಡನ್ನೂ 6ನೇ ಚಾನಲ್‌ಗೆ ಹಾಕಿದರೆ ಸದ್ದು ಶುದ್ಧ. ಮತ್ತೆ 5ಕ್ಕೆ ತಂದು ಪಿಎಫ್‌ಎಲ್ ಬಟನ್ ಒತ್ತಿ ಹೆಡ್‌ಫೋನಲ್ಲಿ ಕೇಳಿದೆ. ಅಲ್ಲೂ ಕರಕರ. ಪಿಎಫ್‌ಎಲ್ ಅಂದರೆ ಫೇಡರ್‌ಗಿಂತ ಮುಂಚಿನ ಸದ್ದು. ಅಂದರೆ ಫೇಡರ್ ಮೇಲೆ ಸುಮ್ನೆ ಆಪಾದನೆ ಹೊರಿಸಿದ್ದೆವು.

ಕಳ್ಳ ಇದ್ದದ್ದು ಹಿಂದಿನ ಇನ್ಸರ್ಟ್ ಜ್ಯಾಕ್‌ನಲ್ಲಿ. ಕಂಪ್ರೆಸರ್ (ಸದ್ದಿನ ಏರಿಳಿತ ಹದ ಮಾಡುವ ಯಂತ್ರ) ಥರದ್ದನ್ನು ಸೇರಿಸೋಕೆ ಇರುವ ತೂತು ಅದು. ನಾನು ಒಂದು ದಿನವೂ ಬಳಸಿದ್ದಿಲ್ಲ. ಅದರೊಳಗೆ ತೆಳು ಲೋಹದ ಎಲೆಗಳಿವೆ, ಏನೂ ಚುಚ್ಚದೇ ಇದ್ದಾಗ ಅವು ಒಂದಕ್ಕೊಂದು ತಾಗಿಕೊಂಡು ಸದ್ದನ್ನು ಮುಂದಕ್ಕೆ ಬಿಡುತ್ತವೆ. ವರ್ಷಗಟ್ಟಲೆ ಧೂಳು, ತೇವ ಕುಡಿದು ಆ ಜಾಗ ಕಪ್ಪು ಪದರ ಕಟ್ಟುತ್ತೆ. ಭೀಮನ ಕೂಗಿನ ವೋಲ್ಟೇಜ್ ಜಾಸ್ತಿ, ಆ ಪದರವನ್ನು ದಾಟಿಬಿಡುತ್ತೆ. ಮೆಲು ದನಿಗೆ ಆ ಶಕ್ತಿ ಇಲ್ಲ, ಅಲ್ಲೇ ಒಡೆಯುತ್ತೆ.

ಖಚಿತ ಮಾಡಿಕೊಳ್ಳೋಕೆ ಒಂದು ಸ್ಟೀರಿಯೋ ಪಿನ್ನಿನ ತುದಿ ಮತ್ತು ನಡುವಿನ ಉಂಗುರ ಎರಡನ್ನೂ ಬೆಸುಗೆ ಹಾಕಿ ಸೇರಿಸಿ ಅಲ್ಲಿ ಚುಚ್ಚಿದೆ. ಧ್ವನಿ ಥಟ್ಟನೆ ತಿಳಿಯಾಯಿತು. ಆಮೇಲೆ ಇನ್ನೊಂದು ಪಿನ್ನಿಗೆ ಕಾಂಟ್ಯಾಕ್ಟ್ ಕ್ಲೀನರ್ ಹಚ್ಚಿ 20 ಸಲ ಹಾಕಿ ತೆಗೆದೆ. ಅಷ್ಟೇ. ಇದಕ್ಕೆ ನಾನು ಒಂದು ವರ್ಷ ಕಳೆದಿದ್ದೆ.

ಅಲ್ಲಿಂದ ಈ ಮಿಕ್ಸರ್ ಮೇಲೆ ಪ್ರೀತಿ ಬೆಳೆಯಿತು. ಈಗ ಪ್ರತಿ ನಾಟಕದ ಸಂಜೆ, ಬಣ್ಣ ಹಚ್ಚುವವರು ಚೌಕಿಯಲ್ಲಿ ಕೂರುವ ಹೊತ್ತಿಗೆ, ನಾನು ಮೇಲೆ ಹೊದಿಸಿದ ಹಳೇ ಪಂಚೆ ತೆಗೆಯುತ್ತೇನೆ. ಮೆತ್ತನೆ ಬ್ರಷ್‌ನಲ್ಲಿ ಧೂಳು ಗುಡಿಸಿ, ಪವರ್ ಕೊಡುವ ಮುಂಚೆಯೇ 16 ಫೇಡರ್‌ಗಳನ್ನೂ ಮೇಲೆ ಕೆಳಗೆ ಹತ್ತು ಸಲ ಎಳೆಯುತ್ತೇನೆ, 16 ಇನ್ಸರ್ಟ್‌ಗೂ ಪಿನ್ ಹಾಕಿ ತೆಗೆಯುತ್ತೇನೆ. ಮೊದಲು ಮಿಕ್ಸರ್, ಕೊನೆಗೆ ಆಂಪ್ಲಿಫೈಯರ್ ಆನ್. ಹೆಡ್‌ಫೋನ್ ಹಾಕಿಕೊಂಡರೆ ಹಾರ್ಮೋನಿಯಂ ತಿದಿಯ ಉಸಿರು ಕೇಳುತ್ತದೆ. ಆ ಐದು ನಿಮಿಷ ನನಗೆ ಬಹಳ ಇಷ್ಟ.

ಇನ್ನೊಂದು ಮಾತು. ಹಮ್, ಅಂದರೆ ಗುಂಯ್ ಸದ್ದು, ಬಂದರೆ ಪ್ಲಗ್ಗಿನ ಅರ್ಥ್ ಪಿನ್ ಮುರಿದು ಹಾಕುವವರು ನಮ್ಮ ಕಡೆ ಇದ್ದಾರೆ. ದಯವಿಟ್ಟು ಬೇಡ. ಬೆವೆತ ಕೈಯಲ್ಲಿ ಮೈಕ್ ಹಿಡಿಯುವುದು ನಟರು, ಜೀವಕ್ಕೇ ಅಪಾಯ. ಮಿಕ್ಸರ್, ಆಂಪ್ಲಿಫೈಯರ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ತಗೊಂಡೆ, ಲೈಟಿನ ಡಿಮ್ಮರ್‌ಗೆ ಬೇರೆ ಲೈನ್ ಕೊಟ್ಟೆ. ನನ್ನ ಹಮ್ ಅಲ್ಲಿಗೆ ನಿಂತಿತು.

ಕೂಲಿ ಹುಡುಗರ ಕೈಗೆ ಕೊಟ್ಟು ದಿನಾ ಬಾಡಿಗೆಗೆ ಕಳಿಸುವವರಿಗೆ ಇಂಥ ಹಳೇ ಮಿಕ್ಸರ್ ಬೇಡ, ಭಾರವೂ ಜಾಸ್ತಿ. ನನ್ನ ಹಾಗೆ ತಾವೇ ಕೂತು ನಡೆಸುವವರಾದರೆ 30,000ದ ಒಳಗೆ ಇದು ಒಳ್ಳೆ ವ್ಯಾಪಾರ. ಕೊಳ್ಳೋಕೆ ಹೋಗುವಾಗ ಸ್ವಂತ ಮೈಕು, ಹೆಡ್‌ಫೋನು ಒಯ್ಯಿರಿ. ಅಂಗಡಿಯಲ್ಲಿ ಜೋರಾಗಿ "ಹಲೋ ಚೆಕ್" ಅನ್ನಬೇಡಿ. ಒಂದೊಂದು ಚಾನಲ್‌ನಲ್ಲೂ ಮೆಲ್ಲಗೆ, ಪಿಸುಗುಟ್ಟಿದ ಹಾಗೆ ಮಾತಾಡಿ ಕೇಳಿ.